ದೇವಸ್ವಂ ಗದ್ದುಗೆಯಿಂದ ಪಕ್ಷ ಕೆಳಗಿಳಿಯಲಿ

ಶಬರಿಮಲೆ ಗರ್ಭಗುಡಿಯ ಮುಂದೆ ನಿಂತ ದ್ವಾರಪಾಲಕರ ಹೊದಿಕೆಯನ್ನು 2019ರಲ್ಲಿ ಕಳಚಿ ಚೆನ್ನೈಗೆ ಸಾಗಿಸಿದಾಗ ಅದರ ತೂಕ 42.8 ಕೆ.ಜಿ. ಚೆನ್ನೈಯಲ್ಲಿ ತೂಗಿದಾಗ 38.258 ಕೆ.ಜಿ. ನಾಲ್ಕೂವರೆ ಕೆ.ಜಿ. ಎಲ್ಲಿ ಹೋಯಿತೆಂದು ಆರು ವರ್ಷ ಯಾರೂ ಕೇಳಲಿಲ್ಲ. ಚಿನ್ನ ಹೊದಿಸಿದ ಆ ತಗಡುಗಳು ತಿರುವಾಂಕೂರು ದೇವಸ್ವಂ ಮಂಡಳಿಯ ಕಾಗದಪತ್ರಗಳಲ್ಲಿ ಬರೀ ತಾಮ್ರವಾಗಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದ ವಿಶೇಷ ಆಯುಕ್ತರಿಗೆ ತಿಳಿಸದೆ ಮತ್ತೊಮ್ಮೆ ಹೊದಿಕೆ ಬಿಚ್ಚಿದ್ದರಿಂದ ಕೊಚ್ಚಿಯ ಹೈಕೋರ್ಟ್ ಹಳೆಯ ಕಡತ ತರಿಸಿ ನೋಡಿತು. ಆಗ ಇದೆಲ್ಲ ಹೊರಬಿತ್ತು. ಅಕ್ಟೋಬರ್‌ನಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು. ತಂಡದ ಹುಡುಕಾಟ ಬೆಂಗಳೂರಿಗೂ ಬಳ್ಳಾರಿಯ ಚಿನ್ನದ ಅಂಗಡಿಗೂ ಬಂತು. ನವೆಂಬರ್‌ನಲ್ಲಿ ಮಂಡಳಿಯ ಇಬ್ಬರು ಮಾಜಿ ಅಧ್ಯಕ್ಷರ ಬಂಧನವಾಯಿತು. ಒಬ್ಬರು 2019ರಲ್ಲಿ ಆಯುಕ್ತರಾಗಿದ್ದು ಮುಂದೆ ಅಧ್ಯಕ್ಷರಾದ ಎನ್. ವಾಸು. ಇನ್ನೊಬ್ಬರು ಆಗ ಅಧ್ಯಕ್ಷರಾಗಿದ್ದ ಸಿಪಿಎಂನ ಮಾಜಿ ಶಾಸಕ ಎ. ಪದ್ಮಕುಮಾರ್. ತೀರ್ಪು ಬರುವವರೆಗೆ ಇವರು ಆರೋಪಿಗಳು ಮಾತ್ರ, ಆ ಅಂಕೆಯನ್ನು ಈ ಪತ್ರಿಕೆ ಮೀರುವುದಿಲ್ಲ. ಆದರೆ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ ವ್ಯವಸ್ಥೆಯ ಬಗ್ಗೆ ತೀರ್ಪು ಹೇಳಲು ಯಾವ ನ್ಯಾಯಾಲಯಕ್ಕೂ ಕಾಯಬೇಕಿಲ್ಲ.

ಕೇರಳದ ಕಮ್ಯುನಿಸ್ಟ್ ಸರ್ಕಾರಗಳು ಧರ್ಮವನ್ನು ತುಳಿದವು ಎಂಬ ಆರೋಪ ಸುಳ್ಳು. ಧರ್ಮದ ವಿಷಯದಲ್ಲಿ ಅವು ತಟಸ್ಥವಾಗಿದ್ದವು ಎಂಬ ಸಮರ್ಥನೆಯೂ ಸುಳ್ಳು. ತಿರುವನಂತಪುರದ ಸೆಕ್ರೆಟರಿಯೇಟ್‌ನಲ್ಲಿ ಆದ ನಿರ್ಧಾರಗಳನ್ನೂ ಕೊಚ್ಚಿಯ ಹೈಕೋರ್ಟ್‌ನಲ್ಲಿ ಅವು ಕಂಡ ಗತಿಯನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೇವಸ್ಥಾನದೊಳಗಿನ ಜಾತಿ ಕಟ್ಟಳೆಯನ್ನು ಮುರಿಯಲು ಸರ್ಕಾರದ ಬಲ ಬೇಕಾಗಿತ್ತು, ಅಲ್ಲಿ ಪಕ್ಷ ಹಿಂಜರಿಯಿತು. ಆಡಳಿತ ಮಂಡಳಿಯ ಕುರ್ಚಿಗಳ ಮೇಲೆ ಸರ್ಕಾರದ ಹಿಡಿತ ಬೇಕಿರಲಿಲ್ಲ, ಅಲ್ಲಿ ಪಕ್ಷ ಬಿಗಿಯಾಗಿ ಹಿಡಿಯಿತು. ಈ ತಪ್ಪು ಎಡರಂಗದ್ದೊಂದೇ ಅಲ್ಲ, ಕಾಂಗ್ರೆಸ್ ನೇತೃತ್ವದ ಯುಡಿಎಫ್ ಕೂಡ ಅದೇ ಕುರ್ಚಿಗಳನ್ನು ತನ್ನವರಿಗೆ ಹಂಚಿದೆ. ಆದರೆ ಧರ್ಮವೂ ಪ್ರಭುತ್ವವೂ ಬೇರೆ ಬೇರೆ ಇರಬೇಕೆಂದು ದಶಕಗಳಿಂದ ವೇದಿಕೆಗಳಲ್ಲಿ ಸಾರುತ್ತ ಬಂದದ್ದು ಕಮ್ಯುನಿಸ್ಟ್ ಪಕ್ಷ. ಆ ಮಾತಿನ ಹೊಣೆ ಅದರದೇ.

ಹಿಡಿತ ಹೇಗೆ ಬಂತೆಂದು ತಿಳಿಯಲು ಇನ್ನೂರು ವರ್ಷ ಹಿಂದೆ ಹೋಗಬೇಕು. ತಿರುವಾಂಕೂರಿನ ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಮನ್ರೋ 1811ರಲ್ಲಿ ದಿವಾನರೂ ಆದರು. ನೂರಾರು ದೇವಸ್ಥಾನಗಳನ್ನು ಅವುಗಳ ಭೂಮಿ ಸಮೇತ ಸರ್ಕಾರದ ಸುಪರ್ದಿಗೆ ತಂದರು. ಭೂಮಿ ಸರ್ಕಾರದ್ದಾಯಿತು, ನಿತ್ಯಪೂಜೆಯ ಖರ್ಚೂ ಸರ್ಕಾರದ ತಲೆಗೆ ಬಂತು. 1949ರಲ್ಲಿ ತಿರುವಾಂಕೂರು–ಕೊಚ್ಚಿ ಒಂದಾದಾಗ ಈ ಋಣವನ್ನು ಒಪ್ಪಂದದಲ್ಲಿ ಬರೆಯಲಾಯಿತು. ಸಂವಿಧಾನದ 290ಎ ವಿಧಿಯಂತೆ ಕೇರಳದ ಖಜಾನೆಯಿಂದ ವರ್ಷಕ್ಕೆ 46.50 ಲಕ್ಷ ರೂಪಾಯಿ ತಿರುವಾಂಕೂರು ದೇವಸ್ವಂ ನಿಧಿಗೆ ಇಂದಿಗೂ ಸಲ್ಲಬೇಕು. ದೇವಸ್ಥಾನದ ಹುಂಡಿ ಹಣವನ್ನು ಸರ್ಕಾರ ನುಂಗುತ್ತಿದೆ ಎಂದು ಚುನಾವಣೆ ಬಂದಾಗಲೆಲ್ಲ ಕೂಗುವವರು ಈ ವಿಧಿಯನ್ನು ಓದುವುದು ಒಳ್ಳೆಯದು. ಹುಂಡಿಯ ಹಣ ಮಂಡಳಿಯ ನಿಧಿಗೆ ಹೋಗುತ್ತದೆ, ಖಜಾನೆಗೆ ಹೋಗುವುದಿಲ್ಲ. ದೋಷ ಇರುವುದು ಆ ನಿಧಿಯ ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂದು ಯಾರು ತೀರ್ಮಾನಿಸುತ್ತಾರೆ ಎನ್ನುವಲ್ಲಿ.

1950ರ ತಿರುವಾಂಕೂರು–ಕೊಚ್ಚಿ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಅದನ್ನು ನೇರವಾಗಿಯೇ ಹೇಳುತ್ತದೆ. ಮಂಡಳಿಗೆ ಮೂವರು. ಇಬ್ಬರನ್ನು ಸಂಪುಟದ ಹಿಂದೂ ಸಚಿವರು ನೇಮಿಸುತ್ತಾರೆ, ಒಬ್ಬರನ್ನು ವಿಧಾನಸಭೆಯ ಹಿಂದೂ ಶಾಸಕರು ಆರಿಸುತ್ತಾರೆ. ತಿರುವನಂತಪುರದ ನಂದನ್‌ಕೋಡಿನಲ್ಲಿ ಕೇಂದ್ರ ಕಚೇರಿ ಇರುವ ತಿರುವಾಂಕೂರು ಮಂಡಳಿಯ ಕೈಯಲ್ಲಿ ಶಬರಿಮಲೆ ಸೇರಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಕೊಲ್ಲೂರು ಮೂಕಾಂಬಿಕೆಯೊಂದಿಗೆ ಸ್ಥಳಪುರಾಣದ ನಂಟಿರುವ ಚೋಟ್ಟಾನಿಕ್ಕರೆಯೂ ಎರ್ನಾಕುಲಂ ನಡುಪೇಟೆಯ ಶಿವಾಲಯವೂ ಕೊಚ್ಚಿ ದೇವಸ್ವಂ ಮಂಡಳಿಗೆ ಸೇರಿವೆ. ಎರಡೂ ಕಡೆ ಸೂತ್ರ ಒಂದೇ. ಯಾವ ರಂಗ ಗೆದ್ದರೂ ಮೂರರಲ್ಲಿ ಮೂರು ಸ್ಥಾನವೂ ಅದಕ್ಕೇ. ಭಕ್ತನಿಗೆ, ಅರ್ಚಕನಿಗೆ, ಊರಿನವರಿಗೆ ಅಲ್ಲಿ ಹಕ್ಕಿನ ಜಾಗವಿಲ್ಲ.

ಆ ಸಚಿವರಿಗೆ ದೇವರಲ್ಲಿ ನಂಬಿಕೆ ಇರಬೇಕೇ ಎಂಬ ಪ್ರಶ್ನೆ ಗುರುವಾಯೂರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ನೇಮಕ ಮಾಡುವವರು ಹಿಂದೂಗಳಾಗಿದ್ದರೆ ಸಾಕು, ದೇವಾಲಯದ ಆರಾಧನೆಯಲ್ಲಿ ಅವರಿಗೆ ವಿಶ್ವಾಸ ಇರಲೇಬೇಕೆಂದಿಲ್ಲ ಎಂದು 2005ರಲ್ಲಿ ತೀರ್ಪಾಯಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಪಕ್ಷದ ನೈತಿಕತೆಗೆ ಮಾತ್ರ ಅದು ಉತ್ತರವಲ್ಲ. ಸಿಪಿಎಂ ತನ್ನ ಕಾರ್ಯಕರ್ತರು ಧಾರ್ಮಿಕ ವಿಧಿಗಳಿಂದ ದೂರ ಇರಬೇಕೆಂದು ಬಯಸುವ ಪಕ್ಷ. ಆ ಸೂಚನೆ ತನ್ನ ನಂಬಿಕೆಗೆ ಒಗ್ಗದೆಂದು ಆಲಪ್ಪುಳದ ಮಾಜಿ ಸಂಸದ ಕೆ.ಎಸ್. ಮನೋಜ್ 2010ರ ಜನವರಿಯಲ್ಲಿ ಪಕ್ಷ ಬಿಟ್ಟರು. 2017ರಲ್ಲಿ ದೇವಸ್ವಂ ಸಚಿವ ಕಡಕಂಪಳ್ಳಿ ಸುರೇಂದ್ರನ್ ಗುರುವಾಯೂರಿಗೆ ಹೋಗಿ ಪೂಜೆ ಸಲ್ಲಿಸಿದ್ದಕ್ಕೆ ಪಕ್ಷದೊಳಗೆ ವಿವರಣೆ ಕೊಡಬೇಕಾಯಿತು. ದೇವಸ್ವಂ ಖಾತೆ ಹೊತ್ತ ಮನುಷ್ಯ ದೇವರಿಗೆ ಕೈ ಮುಗಿದರೆ ತಪ್ಪಾಗುವ ಪಕ್ಷಕ್ಕೆ ಆ ಖಾತೆಯ ನೇಮಕಾತಿಗಳ ಮೇಲೆ ಅಷ್ಟೊಂದು ಅಕ್ಕರೆ ಏಕೆ? ಒಂದು ಸಂಘಟನೆ ತನ್ನ ಸದಸ್ಯರಿಂದ ನಾಸ್ತಿಕತೆಯನ್ನು ಕೇಳಬಹುದು, ಅದು ಅದರ ಸ್ವಾತಂತ್ರ್ಯ. ಅದೇ ಸಂಘಟನೆ ಆಸ್ತಿಕರ ಪೂಜಾಸ್ಥಳದ ಯಜಮಾನಿಕೆಯನ್ನೂ ಕೇಳಿದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಎರಡನ್ನೂ ಇಟ್ಟುಕೊಂಡದ್ದು ಕೇರಳದ ಪಕ್ಷದ ಮೊದಲ ಅಪರಾಧ.

ಕೊಚ್ಚಿಯ ಹೈಕೋರ್ಟ್ ಇದನ್ನು ಗಮನಿಸಿಲ್ಲವೆಂದಲ್ಲ. ಪಾಲಕ್ಕಾಡ್ ಜಿಲ್ಲೆಯ ಪೂಕ್ಕೋಟ್ಟುಕಾಳಿಕಾವು ದೇವಸ್ಥಾನದ ಪ್ರಕರಣದಲ್ಲಿ, ಸಕ್ರಿಯ ರಾಜಕಾರಣದಲ್ಲಿ ಇರುವವರು ಮಲಬಾರ್ ದೇವಸ್ವಂ ಮಂಡಳಿಯ ಅಧೀನದ ದೇವಸ್ಥಾನಗಳಿಗೆ ಟ್ರಸ್ಟಿಗಳಾಗುವಂತಿಲ್ಲ ಎಂದು 2023ರ ಫೆಬ್ರವರಿಯಲ್ಲಿ ಹೇಳಿತು. ಸಿಪಿಎಂನ ಯುವ ಸಂಘಟನೆ ಡಿವೈಎಫ್‌ಐ ರಾಜಕೀಯ ಸಂಘಟನೆಯೇ ಅಲ್ಲ ಎಂಬ ವಾದವನ್ನು ನ್ಯಾಯಪೀಠ ಒಪ್ಪಲಿಲ್ಲ. ಎರಡು ವರ್ಷ ಕಳೆದ ಮೇಲೆ ಕೊಲ್ಲಂ ಜಿಲ್ಲೆಯ ಕಡಯ್ಕಲ್ ದೇವಿಯ ಉತ್ಸವದ ವೇದಿಕೆಯಲ್ಲಿ ಕ್ರಾಂತಿಗೀತೆಗಳು ಕೇಳಿಬಂದವು, ಹಿಂದಿನ ಪರದೆಯಲ್ಲಿ ಪಕ್ಷದ ಚಿಹ್ನೆ ಮೂಡಿತು. ಅದಕ್ಕೂ ಹೈಕೋರ್ಟೇ ಛೀಮಾರಿ ಹಾಕಬೇಕಾಯಿತು. ದೇವಸ್ಥಾನದ ಅಂಗಳದಲ್ಲಿ ಕೇಸರಿ ಧ್ವಜ ಹಾರಬಾರದು ಎಂದು ಎಡಪಕ್ಷ ಹೇಳುತ್ತ ಬಂದಿದೆ. ಆ ಮಾತು ಸರಿ. ಕೆಂಪು ಧ್ವಜಕ್ಕೂ ಅದೇ ನಿಯಮ.

ಪಕ್ಷಕ್ಕೆ ದೇವಸ್ಥಾನದ ವಿಷಯದಲ್ಲಿ ಮಾತಾಡುವ ಹಕ್ಕೇ ಇಲ್ಲ ಎನ್ನುವವರ ಜೊತೆ ನಾವು ಸೇರುವುದಿಲ್ಲ. 1931ರ ನವೆಂಬರ್ 1ರಂದು ಗುರುವಾಯೂರು ಸತ್ಯಾಗ್ರಹ ಆರಂಭವಾದಾಗ ಸ್ವಯಂಸೇವಕರ ನಾಯಕನಾಗಿದ್ದವರು ಎ.ಕೆ. ಗೋಪಾಲನ್. ಒಳನುಗ್ಗಿ ದೇವಸ್ಥಾನದ ಗಂಟೆ ಬಾರಿಸಿ ಕಾವಲುಗಾರರ ಏಟು ತಿಂದವರು ಪಿ. ಕೃಷ್ಣಪಿಳ್ಳೈ. ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರು ಇವರೇ. ತಿರುವಾಂಕೂರಿನ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಆ ಘೋಷಣೆಯ ಹಿಂದೆ ವೈಕಂ ಮತ್ತು ಗುರುವಾಯೂರಿನಲ್ಲಿ ಬಿಸಿಲಿಗೂ ಬಡಿಗೆಗೂ ಮೈಯೊಡ್ಡಿದವರು ಇದ್ದರು. ಆ ದಿನಗಳಲ್ಲಿ ಅರಮನೆಯ ಆಜ್ಞೆಯೇ ಸರ್ಕಾರದ ಬಲ. ಅದು ಇಲ್ಲದೆ ಊರ ಧಣಿಗಳು ತಾವಾಗಿ ಬಾಗಿಲು ತೆರೆಯುತ್ತಿರಲಿಲ್ಲ. ಕೆಳಜಾತಿಯವನನ್ನು ಹೊರಗಿಡುವುದು ನಮ್ಮ ಧರ್ಮ ಎನ್ನುವವರ ಸ್ವಾತಂತ್ರ್ಯಕ್ಕೆ ಸಂವಿಧಾನ ರಕ್ಷಣೆ ಕೊಟ್ಟಿಲ್ಲ. 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುವಾಗಲೇ ಹಿಂದೂ ಸಾರ್ವಜನಿಕ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಕಾನೂನಿಗೆ ಅವಕಾಶ ಇಟ್ಟುಕೊಂಡಿದೆ.

ಈ ಪರಂಪರೆಗೆ ತಕ್ಕ ಕೆಲಸ ಒಮ್ಮೆ ಆಯಿತು. 2017ರ ಅಕ್ಟೋಬರ್‌ನಲ್ಲಿ ನೇಮಕಾತಿ ಮಂಡಳಿ ಅರೆಕಾಲಿಕ ಅರ್ಚಕ ಹುದ್ದೆಗಳಿಗೆ ಸೂಚಿಸಿದ 62 ಮಂದಿಯಲ್ಲಿ 36 ಮಂದಿ ಬ್ರಾಹ್ಮಣೇತರರು. ಅವರಲ್ಲಿ ಆರು ಮಂದಿ ದಲಿತರು. ತಂತ್ರವಿದ್ಯೆ ಕಲಿತು, ಪರೀಕ್ಷೆ ಬರೆದು, ಸಂದರ್ಶನ ಎದುರಿಸಿ ಬಂದವರು. ಆ ನಿರ್ಧಾರವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಅದು ಅಲ್ಲಿಗೇ ನಿಂತದ್ದಕ್ಕೆ ಅಷ್ಟೇ ಖಾರವಾಗಿ ಆಕ್ಷೇಪಿಸುತ್ತೇವೆ. ಶಬರಿಮಲೆಯ ಮೇಲ್ಶಾಂತಿ, ಅಂದರೆ ಪ್ರಧಾನ ಅರ್ಚಕ, ಮಲಯಾಳ ಬ್ರಾಹ್ಮಣನೇ ಆಗಿರಬೇಕು ಎನ್ನುವುದು ಅದೇ ದೇವಸ್ವಂ ಮಂಡಳಿಯ ಅಧಿಸೂಚನೆ. ಅದನ್ನು ಪ್ರಶ್ನಿಸಿದವರ ಅರ್ಜಿಗಳನ್ನು 2024ರ ಫೆಬ್ರವರಿಯಲ್ಲಿ ಹೈಕೋರ್ಟ್ ವಜಾ ಮಾಡಿತು. ಮಂಡಳಿಯಾಗಲಿ ಅದನ್ನು ನೇಮಿಸಿದ ಎಡ ಸಚಿವರಾಗಲಿ ಆ ಷರತ್ತನ್ನು ತೆಗೆದುಹಾಕಲು ಮುಂದಾಗಲಿಲ್ಲ. ಇರಿಂಞಾಲಕುಡದ ಕೂಡಲ್‌ಮಾಣಿಕ್ಯಂ ದೇವಸ್ಥಾನಕ್ಕೆ ಮಾಲೆ ಕಟ್ಟುವ ಕಳಗಂ ಕೆಲಸಕ್ಕೆ ಆಯ್ಕೆಯಾಗಿ ಬಂದ ಈಳವ ಯುವಕನ ವಿರುದ್ಧ 2025ರಲ್ಲಿ ತಂತ್ರಿಗಳು ಮುನಿಸಿಕೊಂಡು ಕುಳಿತಾಗ ಆಡಳಿತ ಮಾಡಿದ್ದೇನು? ಆ ಯುವಕನನ್ನೇ ಕಚೇರಿ ಕೆಲಸಕ್ಕೆ ಸರಿಸಿತು. ಗುರುವಾಯೂರಿನಲ್ಲಿ ಗಂಟೆ ಬಾರಿಸಿದವರ ಪಕ್ಷ ಆಳುತ್ತಿದ್ದಾಗ ಮಾಲೆ ಕಟ್ಟಲು ಬಂದ ಹುಡುಗನಿಗೆ ಆ ದಿನ ರಕ್ಷಣೆ ಸಿಗಲಿಲ್ಲ. ಸರ್ಕಾರ ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದಾಗಿತ್ತು.

ಶಬರಿಮಲೆಗೆ ಮರಳೋಣ. ಕರ್ನಾಟಕದಲ್ಲಿ ಮಾಲೆ ಹಾಕಿ ವ್ರತ ಹಿಡಿಯದ ಊರು ಇಲ್ಲವೆನ್ನಬಹುದು, ಇರುಮುಡಿ ಹೊತ್ತು ಪಂಪೆ ದಾಟುವವರಲ್ಲಿ ಕನ್ನಡಿಗರ ಪಾಲು ದೊಡ್ಡದು. ದೇವಸ್ಥಾನಕ್ಕೆ ಚಿನ್ನದ ಹೊದಿಕೆಗೆಂದು 1998ರಲ್ಲಿ ಮೂವತ್ತು ಕೆ.ಜಿ.ಗೂ ಹೆಚ್ಚು ಚಿನ್ನ ಕೊಟ್ಟವರೂ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ. ಆದ್ದರಿಂದ ಅಲ್ಲಿಯ ಆಡಳಿತದ ಬಗ್ಗೆ ಕೇಳುವ ಹಕ್ಕು ನಮಗೂ ಇದೆ. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ 4:1ರ ಬಹುಮತದಲ್ಲಿ ಎಲ್ಲ ವಯಸ್ಸಿನ ಮಹಿಳೆಯರಿಗೂ ಪ್ರವೇಶ ಕೊಟ್ಟಿತು. ಪಿಣರಾಯಿ ವಿಜಯನ್ ಸರ್ಕಾರ ತೀರ್ಪಿನ ಬೆನ್ನಿಗೆ ನಿಂತಿತು. 2019ರ ಹೊಸ ವರ್ಷದ ದಿನ ಕಾಸರಗೋಡಿನಿಂದ ತಿರುವನಂತಪುರದವರೆಗೆ ಸುಮಾರು 620 ಕಿ.ಮೀ. ಉದ್ದದ ಮಹಿಳಾ ಗೋಡೆ ಎದ್ದಿತು, ಮರುದಿನ ಬೆಳಗಿನ ಜಾವ ಇಬ್ಬರು ಮಹಿಳೆಯರು ಪೊಲೀಸ್ ಕಾವಲಿನಲ್ಲಿ ದರ್ಶನ ಪಡೆದರು. ಅದೇ ವರ್ಷದ ಲೋಕಸಭೆ ಚುನಾವಣೆಯಲ್ಲಿ ಎಡರಂಗಕ್ಕೆ ಇಪ್ಪತ್ತರಲ್ಲಿ ಸಿಕ್ಕಿದ್ದು ಒಂದೇ ಸ್ಥಾನ. ಆಮೇಲೆ ಮಹಿಳೆಯರ ಹಕ್ಕಿನ ಮಾತು ಸರ್ಕಾರದ ಬಾಯಲ್ಲಿ ಕೇಳಲಿಲ್ಲ. 2021ರ ವಿಧಾನಸಭಾ ಚುನಾವಣೆಗೆ ಮುನ್ನ ದೇವಸ್ವಂ ಸಚಿವರು 2018ರ ಘಟನೆಗಳಿಗೆ ವಿಷಾದ ವ್ಯಕ್ತಪಡಿಸಿದರು. 2025ರ ಸೆಪ್ಟೆಂಬರ್ 20ರಂದು ಪಂಪಾ ತೀರದಲ್ಲಿ ಜಾಗತಿಕ ಅಯ್ಯಪ್ಪ ಸಂಗಮ ನಡೆಯಿತು, ಉದ್ಘಾಟಿಸಿದ್ದು ಅದೇ ಮುಖ್ಯಮಂತ್ರಿ.

ಮಹಿಳೆಯರ ಪ್ರವೇಶ ಸರಿಯೇ ತಪ್ಪೇ ಎಂಬುದರಲ್ಲಿ ಓದುಗರಿಗೆ ಭಿನ್ನಾಭಿಪ್ರಾಯ ಇರಬಹುದು. 2019ರ ನವೆಂಬರ್‌ನಲ್ಲಿ ಪ್ರಶ್ನೆ ವಿಸ್ತೃತ ಪೀಠಕ್ಕೆ ಹೋಯಿತು. ನಮ್ಮ ಆಕ್ಷೇಪ ಬೇರೆ. ಸಮಾನತೆ ಪಕ್ಷದ ಸಿದ್ಧಾಂತವಾಗಿದ್ದರೆ ಸೋತ ಮೇಲೂ ಅದನ್ನು ಹೇಳಬೇಕಿತ್ತು. ಭಕ್ತರ ನಂಬಿಕೆಗೆ ಗೌರವ ಎನ್ನುವುದೇ ನಿಲುವಾಗಿದ್ದರೆ 2018ರ ಆ ಮಳೆಗಾಲದ ಕೊನೆಯಲ್ಲೇ ಭಕ್ತರನ್ನು ಕರೆದು ಮಾತಾಡಬೇಕಿತ್ತು. ಎರಡರಲ್ಲಿ ಒಂದನ್ನೂ ಮಾಡದೆ ಮತಗಳ ಎಣಿಕೆ ನೋಡಿ ನಿಲುವು ಬದಲಿಸಿದ್ದರಿಂದ ಬೆಟ್ಟ ಹತ್ತಲು ಹೋಗಿ ಕಲ್ಲೇಟು ತಿಂದು ಮರಳಿದ ಹೆಣ್ಣುಮಕ್ಕಳಿಗೂ ಮೋಸವಾಯಿತು, ತೀರ್ಪನ್ನು ವಿರೋಧಿಸಿ ನಾಮಜಪದ ಮೆರವಣಿಗೆಯಲ್ಲಿ ನಡೆದು ಪೊಲೀಸ್ ಮೊಕದ್ದಮೆ ಹೊತ್ತ ಗೃಹಿಣಿಯರಿಗೂ ಮೋಸವಾಯಿತು.

ಇದೇ ಸರ್ಕಾರ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪನ್ನು ಹೇಗೆ ನಡೆಸಿಕೊಂಡಿತೆಂದು ನೋಡಿದರೆ ಅಳತೆಗೋಲು ಎಷ್ಟು ವಕ್ರವೆಂದು ತಿಳಿಯುತ್ತದೆ. ಮಲಂಕರ ಸಭೆಯ ಆರ್ಥಡಾಕ್ಸ್ ಮತ್ತು ಯಾಕೋಬಾಯ ಬಣಗಳ ಶತಮಾನದ ಜಗಳಕ್ಕೆ 2017ರ ಜುಲೈ 3ರಂದು ತೀರ್ಪು ಬಂತು. ಚರ್ಚುಗಳ ಆಡಳಿತ 1934ರ ಸಭಾ ಸಂವಿಧಾನದಂತೆ ನಡೆಯಬೇಕು ಎಂದಿತು ನ್ಯಾಯಾಲಯ. ಎರ್ನಾಕುಲಂ ಜಿಲ್ಲೆಯ ಪಿರವಂ, ಮುಳಂತುರುತ್ತಿ, ಕೋದಮಂಗಲಗಳಲ್ಲಿ ಒಳಗೆ ಯಾಕೋಬಾಯ ವಿಶ್ವಾಸಿಗಳು, ಹೊರಗೆ ತೀರ್ಪು ಹಿಡಿದ ಆರ್ಥಡಾಕ್ಸರು, ನಡುವೆ ಪೊಲೀಸರು. ಹೈಕೋರ್ಟ್ ಮತ್ತೆ ಮತ್ತೆ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿತು. ತೀರ್ಪು ಜಾರಿಗೆ ಬಲಪ್ರಯೋಗ ಬೇಡ, ಮಾತುಕತೆ ನಡೆಯಲಿ ಎಂದು ಸರ್ಕಾರ ವರ್ಷಗಟ್ಟಲೆ ದಿನ ತಳ್ಳಿತು. ಪ್ರಾರ್ಥಿಸುತ್ತಿರುವವರನ್ನು ಲಾಠಿಯಿಂದ ಎಬ್ಬಿಸದಿರುವುದು ಒಳ್ಳೆಯದೇ. ಆದರೆ ಆ ತಾಳ್ಮೆ ಶಬರಿಮಲೆಯ ತೀರ್ಪು ಬಂದ ವಾರಗಳಲ್ಲಿ ಎಲ್ಲಿ ಹೋಗಿತ್ತು? ಮಧ್ಯ ತಿರುವಾಂಕೂರಿನಲ್ಲಿ ಎರಡು ಬಣಗಳಿಗೂ ಮತಗಳಿವೆ ಎಂಬ ಕಾರಣ ಬಿಟ್ಟರೆ ಬೇರೆ ಕಾರಣ ನಮಗೆ ಕಾಣುತ್ತಿಲ್ಲ.

ಈ ಜಗಳದ ನಡುವೆ ಸರ್ಕಾರ ಮಾಡಿದ ಒಂದು ಕೆಲಸವನ್ನು ಮರೆಯಬಾರದು. ಚರ್ಚು ಎದುರು ಬಣದ ಕೈಗೆ ಹೋದ ಊರುಗಳಲ್ಲಿ ಸತ್ತವರನ್ನು ಅಪ್ಪ ಅಮ್ಮನ ಸಮಾಧಿಯ ಪಕ್ಕ ಹೂಳಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಶವ ಇಟ್ಟುಕೊಂಡು ಮಕ್ಕಳು ದಿನಗಟ್ಟಲೆ ಕಾದರು. 2020ರಲ್ಲಿ ಮೊದಲು ಸುಗ್ರೀವಾಜ್ಞೆ, ಮುಂದೆ ಕಾಯ್ದೆ ತಂದು, ಯಾವ ಬಣದವರಾದರೂ ಪೂರ್ವಜರ ಸ್ಮಶಾನದಲ್ಲಿ ಅಂತ್ಯಸಂಸ್ಕಾರದ ಹಕ್ಕು ಪಡೆಯುವಂತೆ ಸರ್ಕಾರ ಮಾಡಿತು. ಯಾವ ಪುರೋಹಿತನ ಪರವೂ ನಿಲ್ಲದೆ, ಯಾರ ಆಸ್ತಿಯನ್ನೂ ಕಿತ್ತುಕೊಳ್ಳದೆ, ಒಬ್ಬ ಮಗ ತಾಯಿಯನ್ನು ಮಣ್ಣು ಮಾಡುವ ಹಕ್ಕನ್ನು ಮಾತ್ರ ಆ ಕಾಯ್ದೆ ಕಾಪಾಡಿತು. ಧರ್ಮದ ವಿಷಯದಲ್ಲಿ ಸರ್ಕಾರ ಎಷ್ಟು ದೂರ ಬರಬಹುದು ಎಂದು ಕೇಳುವವರಿಗೆ ನಾವು ಈ ಕಾಯ್ದೆಯನ್ನು ತೋರಿಸುತ್ತೇವೆ.

ವಕ್ಫ್ ವಿಷಯದಲ್ಲಿ ಪಕ್ಷ ಇನ್ನಷ್ಟು ಬೇಗ ಹಿಂದೆ ಸರಿಯಿತು. ವಕ್ಫ್ ಮಂಡಳಿಯ ನೌಕರರ ನೇಮಕಾತಿಯನ್ನು ಲೋಕಸೇವಾ ಆಯೋಗಕ್ಕೆ ಒಪ್ಪಿಸುವ ಮಸೂದೆ 2021ರ ನವೆಂಬರ್‌ನಲ್ಲಿ ಅಂಗೀಕಾರವಾಯಿತು. ಮುಸ್ಲಿಂ ಲೀಗ್ ಬೀದಿಗಿಳಿಯಿತು, ಸಮಸ್ತ ಸಂಘಟನೆಯ ಉಲೆಮಾಗಳು ಮುಖ್ಯಮಂತ್ರಿಯನ್ನು ಕಂಡರು. 2022ರ ಸೆಪ್ಟೆಂಬರ್ 1ರಂದು ಅದೇ ವಿಧಾನಸಭೆ ಆ ಕಾಯ್ದೆಯನ್ನು ರದ್ದು ಮಾಡಿತು. ಸಮುದಾಯದ ಜೊತೆ ಮೊದಲೇ ಕೂತು ಮಾತಾಡಿದ್ದರೆ ಒಳ್ಳೆಯ ಕಾಯ್ದೆಯೊಂದು ಬರುತ್ತಿತ್ತೋ ಏನೋ. ಹಾಗೆ ಮಾಡದೆ ಹೇರಿದರು, ಎದುರು ನಿಂತಾಗ ಬಿಟ್ಟರು. ಕೊಚ್ಚಿಗೆ ಹತ್ತಿರದ ಮುನಂಬದಲ್ಲಿ ಬಿಟ್ಟುಬಿಡುವ ಆಯ್ಕೆಯೂ ಇರಲಿಲ್ಲ. 1950ರಲ್ಲಿ ಫಾರೂಕ್ ಕಾಲೇಜಿಗೆ ಬರೆದುಕೊಟ್ಟ, ಕಡಲು ಕೊರೆದು ಉಳಿದ ನೆಲದಲ್ಲಿ ಆರುನೂರರಷ್ಟು ಕುಟುಂಬಗಳು ಬದುಕುತ್ತಿವೆ. ಹೆಚ್ಚಿನವರು ಲ್ಯಾಟಿನ್ ಕ್ಯಾಥೊಲಿಕ್ ಮೀನುಗಾರರು, ದುಡ್ಡು ಕೊಟ್ಟು ನೆಲ ಕೊಂಡವರು. 2019ರಲ್ಲಿ ವಕ್ಫ್ ಮಂಡಳಿ ಅದನ್ನು ತನ್ನ ದಾಖಲೆಗೆ ಸೇರಿಸಿತು. ಆ ನೆಲದ ಕಂದಾಯದ ಕಾಗದವೆಲ್ಲ ಸರ್ಕಾರದ ಕೈಯಲ್ಲೇ ಇತ್ತು. ಆದರೂ 2024ರ ಅಕ್ಟೋಬರ್‌ನಲ್ಲಿ ಜನ ಉಪವಾಸ ಕೂರುವವರೆಗೆ ಅದು ಅಲುಗಾಡಲಿಲ್ಲ. ಕೂತ ಮೇಲೆ ಆಯೋಗವೊಂದನ್ನು ನೇಮಿಸಿತು. 2025ರ ಅಕ್ಟೋಬರ್‌ನಲ್ಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಮಂಡಳಿಯ ಕ್ರಮವನ್ನು ಕಟುವಾಗಿ ಟೀಕಿಸಿತು, ವಿವಾದ ಈಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ನಿವಾಸಿಗಳ ಹಕ್ಕನ್ನೂ ವಕ್ಫ್‌ನ ಹಕ್ಕನ್ನೂ ಮೊದಲ ದಿನವೇ ಅಳೆದು ಹೇಳುವ ಧೈರ್ಯ ಸರ್ಕಾರಕ್ಕೆ ಇರಲಿಲ್ಲ. ಆ ಜಾಗದಲ್ಲಿ ಎರಡು ಸಮುದಾಯಗಳ ನಡುವೆ ಹಗೆ ಬಿತ್ತುವವರು ಬಂದು ಕೂತರು.

ಈ ಅಂಜಿಕೆಗೆ ಬೇರು 1959ರಲ್ಲಿದೆ. 1957ರ ಏಪ್ರಿಲ್ 5ರಂದು ಅಧಿಕಾರಕ್ಕೆ ಬಂದ ಇಎಂಎಸ್ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಖಾಸಗಿ ಶಾಲಾ ಶಿಕ್ಷಕರನ್ನು ಮ್ಯಾನೇಜರುಗಳ ಮುಷ್ಟಿಯಿಂದ ಬಿಡಿಸುವ ಮಸೂದೆ ತಂದರು. ಶಿಕ್ಷಕರಿಗೆ ಪೂರ್ತಿ ಸಂಬಳ ಸಿಗಬೇಕೆಂಬ ಅದರ ಉದ್ದೇಶ ನ್ಯಾಯವಾದುದು. ಅದರೊಳಗೇ ಶಾಲೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ವಿಧಿಗಳೂ ಇದ್ದವು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಆ ವಿಧಿಗಳು ಅಲ್ಪಸಂಖ್ಯಾತರ ಶಾಲೆಗಳ ಹಕ್ಕಿಗೆ ಧಕ್ಕೆ ತರುತ್ತವೆ ಎಂದು ಅಭಿಪ್ರಾಯ ಕೊಟ್ಟಿತು. ಕ್ಯಾಥೊಲಿಕ್ ಸಭೆ, ಮನ್ನತ್ ಪದ್ಮನಾಭನ್ ಅವರ ನಾಯರ್ ಸಮುದಾಯದ ಸಂಘಟನೆ ಎನ್‌ಎಸ್‌ಎಸ್, ಮುಸ್ಲಿಂ ಲೀಗ್ ಒಂದಾಗಿ ವಿಮೋಚನಾ ಸಮರ ಸಾರಿದವು. ಕೊಚ್ಚಿ ಬಳಿಯ ಅಂಗಮಾಲಿಯಲ್ಲಿ 1959ರ ಜೂನ್ 13ರಂದು ಗೋಲಿಬಾರಿಗೆ ಏಳು ಮಂದಿ ಸತ್ತರು. ತಿರುವನಂತಪುರದ ಚೆರಿಯತುರ ಕಡಲ ತೀರದಲ್ಲಿ ಜುಲೈ 3ರಂದು ಫ್ಲೋರಿ ಎಂಬ ಗರ್ಭಿಣಿ ಬೆಸ್ತರ ಹೆಣ್ಣುಮಗಳು ಗುಂಡಿಗೆ ಬಲಿಯಾದರು. ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾಗೊಳಿಸಿತು. ಜನ ಆರಿಸಿದ ಸರ್ಕಾರವನ್ನು ಹಾಗೆ ಉರುಳಿಸಿದ್ದು ಅನ್ಯಾಯ. ನಿರಾಯುಧ ಬಸುರಿಯ ಮೇಲೆ ಗುಂಡು ಹಾರಿಸಿದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಅಂದಿನಿಂದ ಪಕ್ಷ ಯಾವ ಸಮುದಾಯ ತಿರುಗಿ ಬೀಳಬಲ್ಲದು ಎಂದು ಅಳೆದು ಹೆಜ್ಜೆ ಇಡುವ ಪಾಠ ಕಲಿಯಿತು. ಹಕ್ಕುಗಳಿಗೆ ಒಂದೇ ಅಳತೆ ಇರಬೇಕೆಂಬ ಪಾಠ ಕಲಿಯಲಿಲ್ಲ.

ಕನ್ನಡಿಗರಿಗೆ ಈ ಕಥೆಯಲ್ಲಿ ತಮ್ಮದೇ ಆದ ಒಂದು ಅಧ್ಯಾಯವಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಇನ್ನೂ ಮೂವತ್ತು ತುಂಬದ ಪ್ರಾಯದಲ್ಲಿ, 1970ರ ಮಾರ್ಚ್‌ನಲ್ಲಿ, ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಕಾಯ್ದೆಯ 1969ರ ತಿದ್ದುಪಡಿ ಇಎಂಎಸ್ ಅವರ ಎರಡನೇ ಸರ್ಕಾರದ್ದು, ಅದನ್ನು ಜಾರಿಗೆ ತಂದದ್ದು ಸಿಪಿಐನ ಅಚ್ಯುತ ಮೆನನ್ ಸರ್ಕಾರ. ಮಠದ ಭೂಮಿ ಹೋದರೆ ಧರ್ಮವನ್ನು ತಮ್ಮಂತೆ ನಡೆಸುವ ಹಕ್ಕೂ ಹೋಗುತ್ತದೆ ಎಂಬುದು ವಾದದ ಒಂದು ಎಳೆ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7:6ರ ಬಹುಮತದಲ್ಲಿ, ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬ ತೀರ್ಪು ಹೊರಬಂತು.

ಭೂಸುಧಾರಣೆ ಧರ್ಮದ ಮೇಲಿನ ದಾಳಿಯೆಂದು ನಾವು ಒಪ್ಪುವುದಿಲ್ಲ. ಉತ್ತವನಿಗೆ ನೆಲ ಸಿಕ್ಕಿತು, ಗುಡಿಸಲಿನವನಿಗೆ ಎಬ್ಬಿಸಲಾಗದ ಹಕ್ಕು ಸಿಕ್ಕಿತು. ಮಠ ನೆಲ ಕಳೆದುಕೊಂಡಿತು, ಪೂಜೆ ನಿಲ್ಲಲಿಲ್ಲ, ಎಡನೀರಿನ ಯಕ್ಷಗಾನದ ಚೆಂಡೆ ನಿಲ್ಲಲಿಲ್ಲ. ಸ್ವತಃ ಭಾಗವತಿಕೆ ಮಾಡುತ್ತಿದ್ದ ಸ್ವಾಮೀಜಿ 2020ರ ಸೆಪ್ಟೆಂಬರ್ 6ರಂದು ತೀರಿಕೊಳ್ಳುವವರೆಗೂ ಮಠವನ್ನು ತಮ್ಮ ಸಂಪ್ರದಾಯದಂತೆ ನಡೆಸಿದರು. ಅವರ ಪೀಠಕ್ಕೆ ಯಾರು ಉತ್ತರಾಧಿಕಾರಿ ಎಂದು ತೀರ್ಮಾನಿಸುವ ಅಧಿಕಾರ ತಿರುವನಂತಪುರದ ಯಾವ ಸಚಿವರಿಗೂ ಇರಲಿಲ್ಲ. ಆಸ್ತಿಯ ಮೇಲಿನ ಕಾನೂನಿಗೂ ಪೀಠದ ಮೇಲಿನ ಕಾನೂನಿಗೂ ಇರುವ ಗೆರೆ ಇದು.

ಆ ಗೆರೆ ಅಳಿದರೆ ಏನಾಗುತ್ತದೆಂದು ತಿಳಿಯಲು ಮೈಸೂರು ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಬೈಲಕುಪ್ಪೆಯ ತಾಶಿ ಲುನ್ಪೊ ವಿಹಾರ ಪಂಚೆನ್ ಲಾಮಾ ಪರಂಪರೆಯ ಪೀಠ. ಟಿಬೆಟ್‌ನ ಮೂಲ ವಿಹಾರದ ಹೆಸರಿನಲ್ಲಿ ಅದು 1972ರಲ್ಲಿ ಇಲ್ಲಿ ಮರಳಿ ನೆಲೆಗೊಂಡಿತು. ಅದರ ಗುರುಪೀಠ ಖಾಲಿ. ದಲೈ ಲಾಮಾ ಗುರುತಿಸಿದ ಆರು ವರ್ಷದ ಬಾಲಕನನ್ನು 1995ರ ಮೇ ತಿಂಗಳಲ್ಲಿ ಚೀನಾ ಸರ್ಕಾರ ಕರೆದೊಯ್ದ ಮೇಲೆ ಅವನನ್ನು ಹೊರಜಗತ್ತು ಕಂಡಿಲ್ಲ. ಬೀಜಿಂಗ್ ತನ್ನದೇ ಪಂಚೆನ್ ಲಾಮಾನನ್ನು ನೇಮಿಸಿತು. ಪುನರ್ಜನ್ಮ ಪಡೆದ ಗುರುವಿಗೆ ಸರ್ಕಾರದ ಅನುಮತಿ ಬೇಕೆಂದು 2007ರಲ್ಲಿ ಆದೇಶವನ್ನೇ ಹೊರಡಿಸಿತು. ಅಲ್ಬೇನಿಯಾದ ಕಮ್ಯುನಿಸ್ಟ್ ಸರ್ಕಾರ 1967ರಲ್ಲಿ ದೇಶವನ್ನು ನಾಸ್ತಿಕ ರಾಷ್ಟ್ರವೆಂದು ಸಾರಿ ಮಸೀದಿ, ಚರ್ಚುಗಳನ್ನು ಮುಚ್ಚಿಸಿತ್ತು. ಕೇರಳವನ್ನು ಇವುಗಳ ಸಾಲಿಗೆ ಸೇರಿಸುವವರು ಬೈಲಕುಪ್ಪೆಯ ಭಿಕ್ಷುಗಳಿಗೆ ಅವಮಾನ ಮಾಡುತ್ತಾರೆ. ಕೇರಳದ ಆಸ್ತಿಕ ಮತ ಹಾಕಿ ಸರ್ಕಾರ ಬದಲಿಸಬಲ್ಲ, ಕೊಚ್ಚಿಗೆ ಹೋಗಿ ರಿಟ್ ಹಾಕಬಲ್ಲ. ಆದರೆ ಸಿಪಿಎಂ 2021ರ ಜುಲೈನಲ್ಲಿ ಚೀನಾ ಪಕ್ಷದ ಶತಮಾನೋತ್ಸವಕ್ಕೆ ಶುಭ ಹಾರೈಸಿದ ಪಕ್ಷ. ಟಿಬೆಟ್‌ನ ವಿಹಾರಗಳ ಬಗ್ಗೆಯೂ ಶಿನ್‌ಜಿಯಾಂಗ್‌ನ ಮಸೀದಿಗಳ ಬಗ್ಗೆಯೂ ಅದು ದನಿ ಎತ್ತದಿರುವುದು ತನ್ನ ನಾಡಿನಲ್ಲಿ ಅಲ್ಪಸಂಖ್ಯಾತರ ಪರ ಆಡುವ ಮಾತಿನ ತೂಕವನ್ನು ಕಡಿಮೆ ಮಾಡುತ್ತದೆ.

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಮಾದರಿ ತಿರುವನಂತಪುರದಲ್ಲೇ ಇದೆ. ಪದ್ಮನಾಭಸ್ವಾಮಿ ದೇವಸ್ಥಾನವನ್ನು ಸರ್ಕಾರ ವಹಿಸಿಕೊಳ್ಳಬೇಕೆಂದು ಹೈಕೋರ್ಟ್ 2011ರ ಜನವರಿಯಲ್ಲಿ ಆದೇಶಿಸಿತ್ತು. ಸುಪ್ರೀಂ ಕೋರ್ಟ್ 2020ರ ಜುಲೈ 13ರಂದು ಅದನ್ನು ತಳ್ಳಿಹಾಕಿ, ರಾಜಮನೆತನದ ಸೇವಾಧಿಕಾರವನ್ನು ಎತ್ತಿಹಿಡಿದು, ಆಡಳಿತವನ್ನು ಐವರ ಸಮಿತಿಗೆ ಒಪ್ಪಿಸಿತು. ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ರಾಜ್ಯ ಸರ್ಕಾರಕ್ಕೆ ಒಂದು ಸ್ಥಾನ, ಕೇಂದ್ರಕ್ಕೆ ಒಂದು, ಮನೆತನಕ್ಕೆ ಒಂದು, ಪ್ರಧಾನ ತಂತ್ರಿಗೆ ಒಂದು. ಯಾರ ಕೈಗೂ ಬಹುಮತ ಇಲ್ಲ. ಅಂದಿನ ಎಡ ಸರ್ಕಾರ ಆ ತೀರ್ಪನ್ನು ಒಪ್ಪಿಕೊಂಡಿತು. ಒಂದು ದೇವಸ್ಥಾನಕ್ಕೆ ಒಪ್ಪಿದ್ದನ್ನು ಉಳಿದವಕ್ಕೆ ಒಪ್ಪಲು ಏನು ಅಡ್ಡಿ? ಚಿನ್ನದ ಹಗರಣದ ನಂತರ ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಜಯಕುಮಾರ್ ಅವರನ್ನು ತಿರುವಾಂಕೂರು ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು, ಶಬರಿಮಲೆಯ ಬೆಲೆಬಾಳುವ ವಸ್ತುಗಳ ಪಟ್ಟಿ ಮಾಡಲು ನಿವೃತ್ತ ನ್ಯಾಯಮೂರ್ತಿ ಕೆ.ಟಿ. ಶಂಕರನ್ ಅವರನ್ನು ಹೈಕೋರ್ಟ್ ನೇಮಿಸಿತು. ಕುರ್ಚಿಗೆ ಒಳ್ಳೆಯವರು ಬಂದರೆ ಸಂತೋಷ. ಕುರ್ಚಿ ಕೊಡುವ ಕಾಯ್ದೆ ಹಾಗೆಯೇ ಇದೆ.

ಸಚಿವರ ನೇಮಕಾಧಿಕಾರವನ್ನು ತೆಗೆದು 1950ರ ಕಾಯ್ದೆಯನ್ನು ತಿದ್ದಬೇಕು. ಹೈಕೋರ್ಟ್ ಸೂಚಿಸುವ ನ್ಯಾಯಾಧೀಶರು, ಭಕ್ತರು ಆರಿಸಿದವರು, ಅರ್ಚಕರಲ್ಲೊಬ್ಬರು, ದಲಿತ ಸದಸ್ಯರೊಬ್ಬರು, ಮಹಿಳೆಯೊಬ್ಬರು, ಸರ್ಕಾರದ ಒಬ್ಬರೇ ಪ್ರತಿನಿಧಿ, ಇಷ್ಟು ಮಂದಿಯ ಮಂಡಳಿ ಸಾಕು. ಪಕ್ಷದ ಪದಾಧಿಕಾರಿಗಳಿಗೆ ಐದು ವರ್ಷ ಪ್ರವೇಶ ಬೇಡ. ಅರ್ಚಕ ಹುದ್ದೆಗಳಲ್ಲಿ ಜಾತಿಯ ಷರತ್ತನ್ನು ಅದೇ ತಿದ್ದುಪಡಿಯಲ್ಲಿ ಅಳಿಸಬೇಕು, ಸಮಾನತೆಯ ಕೆಲಸವನ್ನು ಮಂಡಳಿಯ ಮರ್ಜಿಗೆ ಬಿಡಬಾರದು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ವಿಧಾನಸಭೆಯ ಸರಳ ಬಹುಮತ ಸಾಕು. ನಮ್ಮ ಮುಜರಾಯಿ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗಳಲ್ಲಿ ಶಾಸಕರ ಹಿಂಬಾಲಕರು ತುಂಬಿಕೊಳ್ಳುವುದನ್ನು ದಿನವೂ ನೋಡುವ ಕರ್ನಾಟಕ ಸರ್ಕಾರ ಈ ಸಾಲುಗಳನ್ನು ತನಗೂ ಹೇಳಿದ್ದೆಂದೇ ಓದಿಕೊಳ್ಳಲಿ.

ಮಲಬಾರಿಗೂ ಇದೇ ತಿದ್ದುಪಡಿ ಬರಬೇಕು. 2008ರಲ್ಲಿ ಹುಟ್ಟಿದ ಮಲಬಾರ್ ದೇವಸ್ವಂ ಮಂಡಳಿ ಕೋಝಿಕ್ಕೋಡಿನಲ್ಲಿ ಕೂತು ಕಾಸರಗೋಡಿನ ದೇವಸ್ಥಾನಗಳನ್ನೂ ನೋಡಿಕೊಳ್ಳುತ್ತದೆ. 2025ರಲ್ಲಿ ಬ್ರಹ್ಮಕಲಶ ಮತ್ತು ಮೂಡಪ್ಪ ಸೇವೆಗೆ ಸಾವಿರಾರು ಕನ್ನಡ, ತುಳು ಮಾತಿನ ಭಕ್ತರನ್ನು ಸೇರಿಸಿದ ಮಧೂರಿನಂಥ ಕ್ಷೇತ್ರದ ಸಮಿತಿಯಲ್ಲಿ ಆ ಭಾಷೆ ಬಲ್ಲ ಊರಿನ ಭಕ್ತರಿಗೆ ಸ್ಥಾನ ಇರಬೇಕೆಂಬುದನ್ನು ಕಾಯ್ದೆಯೇ ಹೇಳಲಿ. ಮಂಡಳಿಯ ಮುಂದಿನ ನೇಮಕಕ್ಕೆ ಮುನ್ನ ಈ ಮಸೂದೆ ತಿರುವನಂತಪುರದ ಸದನದಲ್ಲಿ ಮಂಡನೆಯಾಗಬೇಕು.